ಪಿಂಜಾರ ರಸೂಲನ ಗಿಟಾರು

ಹೊನ್ನಾಳಿ
೧೨ ಫೆಬ್ರವರಿ ೧೯೩೫

ಸೈದಾಬೀ ಅಕ್ಕನಿಗೆ ರಸೂಲನ ಸಲಾಂ.

ನಾನು ಜಗಳೂರಿನಲ್ಲಿಲ್ಲ ಎಂಬ ಸುದ್ದಿ ಈ ಕಾಗದಕ್ಕಿಂತ ಮೊದಲೇ ಚನ್ನಗಿರಿ ಮುಟ್ಟಿ ನಿನ್ನ ಒಲೆಯ ಮುಂದೆ ಕೂತಿರುತ್ತದೆ. ಯಾರೂ ಹುಡುಕಬೇಡಿ. ಜಂಪಣ್ಣನವರ ನಾಟಕ ಕಂಪನಿಯ ಜೊತೆ ಇದ್ದೇನೆ. ನ್ಯಾಮತಿಯ ಆಟ ಮುಗಿಸಿ ಈಗ ಹೊನ್ನಾಳಿಯ ಹೊಳೆ ದಂಡೆಯಲ್ಲಿ ಡೇರೆ ಹಾಕಿದ್ದೇವೆ.

ನಡೆದದ್ದು ಇಷ್ಟು. ಕಂಪನಿ ಜಗಳೂರಿಗೆ ಬಂದಾಗ ಅವರ ಗಾದಿಗಳ ಹತ್ತಿ ಹಿಂಜಿ ಕೊಡಲು ಅಪ್ಪ ನನ್ನನ್ನು ಕಳಿಸಿದ್ದರು. ಅಲ್ಲಿ ಹರಿದ ಪರದೆಗಳ ಕೆಳಗೆ ಒಂದು ವಾದ್ಯ ಬಿದ್ದಿತ್ತು. ಗಿಟಾರು ಅನ್ನುತ್ತಾರೆ. ಅದನ್ನು ಬಾರಿಸುವವನು ಸಂಬಳದ ಜಗಳ ಮಾಡಿ ಬಿಟ್ಟು ಹೋಗಿದ್ದನಂತೆ. ನಾನು ಅದರ ತಂತಿಗಳನ್ನು ನಮ್ಮ ಹಿಂಜುವ ಬಿಲ್ಲಿನ ತಂತಿಯ ಹಾಗೆ ಹದ ಮಾಡಿ, ಅರಳೆಗೆ ಬಡಿಯುವ ಹಾಗೇ ಬಡಿದೆ. ಜಂಪಣ್ಣನವರು ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದರು. "ಏ ಪಿಂಜಾರ, ಇನ್ನೊಂದ್ಸಲ ಬಾರ್ಸೋ" ಅಂದರು.

ಅಪ್ಪನಿಗೆ ಹೇಳಿಯೇ ಹೊರಟೆ, ಕದ್ದು ಬಂದಿಲ್ಲ. "ತಂತಿ ನಮ್ಗೆ ಅನ್ನ ಹಾಕೈತೆ. ಅದನ್ನ ಆಟದಾಗೆ ಬಾರ್ಸಾಕೆ ಹೋಗ್ತೀಯಾ? ಹಂಗಾದ್ರೆ ಈ ಹೊಸ್ತಿಲು ಮತ್ತೆ ತುಳೀಬ್ಯಾಡ" ಅಂದರು. ಹೊರಗೆ ಬಂದೆ. ಹಿಂದೆ ತಿರುಗಿ ನೋಡಲಿಲ್ಲ, ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ.

ಅಕ್ಕಾ, ನನಗೆ ಬೇಕಾದ್ದು ಒಂದೇ. ಒಂದಲ್ಲ ಒಂದು ದಿನ ಅಪ್ಪ ನಾನು ಬಾರಿಸುವುದನ್ನು ಕೂತು ಕೇಳಬೇಕು, ಕೇಳಿ ನಾಲ್ಕು ಜನರ ಮುಂದೆ "ಇವ್ನು ನನ್ನ ಮಗ" ಅನ್ನಬೇಕು. ಅಲ್ಲಿಯ ತನಕ ಮನೆಯ ಸುದ್ದಿಗೆ ನೀನೇ ದಿಕ್ಕು.

ನಿನ್ನ ತಮ್ಮ
ರಸೂಲ್


ಚನ್ನಗಿರಿ
೩ ಮಾರ್ಚ್ ೧೯೩೫

ರಸೂಲ್,

ಸಲಾಂ ಆಮೇಲೆ, ಬೈಗುಳ ಮೊದಲು. ಅಪ್ಪ ನನ್ನನ್ನು ನಾಲ್ಕನೇ ಕ್ಲಾಸಿನ ತನಕ ಓದಿಸಿದ್ದು ಮನೆ ಬಿಟ್ಟ ತಮ್ಮನಿಗೆ ಕಾಗದ ಬರೆಯಲಿ ಎಂದೇನು? ನಿಮ್ಮ ಭಾವ ಮಂಡಿಯಲ್ಲಿ ಅಡಿಕೆ ಚೀಲ ಹೊಲಿಯುತ್ತಿದ್ದವರು ದಬ್ಬಣ ಹಿಡಿದುಕೊಂಡೇ ಮನೆಗೆ ಓಡಿ ಬಂದರು. ವಿಷಯ ಕೇಳಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನಕ್ಕುಬಿಟ್ಟರು. ಅವರಿಗೇನು, ನಗುತ್ತಾರೆ. ಅವರ ತಮ್ಮಂದಿರು ಯಾರೂ ನಾಟಕದವರ ಹಿಂದೆ ಹೋಗಿಲ್ಲವಲ್ಲ.

ಅಪ್ಪನ ಚಿಂತೆ ನಿನಗೆ ಬೇಡ. ಅವರ ಕೋಪ ಹಾಲು ಉಕ್ಕಿದ ಹಾಗೆ, ತಾನೇ ಇಳಿಯುತ್ತದೆ. ಹೋದ ವಾರ ಜಗಳೂರಿಗೆ ಹೋಗಿದ್ದೆ. ನಿನ್ನ ಮಾತು ಬಂತು. "ಉಣ್ಣಾಕೆ ಸಿಗುತ್ತಂತಾ?" ಎಂದು ಕೇಳಿದರು. ಹೆಚ್ಚು ಮಾತಾಡಲು ಪುರಸೊತ್ತಿರಲಿಲ್ಲ, ಕೆಲಸ ಬಹಳ ಇತ್ತು ಅವರಿಗೆ.

ಹೊಳೆಯಲ್ಲಿ ಈಜಲು ಇಳಿಯಬೇಡ. ನಿನಗೆ ಈಜು ಬರುವುದಿಲ್ಲ ಎಂಬುದು ನಿನಗೊಬ್ಬನಿಗೇ ಗೊತ್ತಿಲ್ಲದ ಸಂಗತಿ.

ಸೈದಾಬೀ


ಮುಂಬಯಿ
೧೮ ಆಗಸ್ಟ್ ೧೯೩೭

ಅಕ್ಕಾ,

ಜಂಪಣ್ಣನವರ ಕಂಪನಿ ಮುಳುಗಿತು. ಹೋಗುವಾಗ ಆ ಪುಣ್ಯಾತ್ಮರು ಗಿಟಾರನ್ನು ನನಗೇ ಕೊಟ್ಟರು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ಸಮುದ್ರದ ದಂಡೆಯಲ್ಲಿ ಒಂದು ದೊಡ್ಡ ಹೋಟೆಲಿದೆ. ಅಲ್ಲಿ ಸಾಹೇಬರು ಊಟ ಮಾಡುವಾಗ ಬ್ಯಾಂಡಿನವರು ಬಾರಿಸುತ್ತಾರೆ. ನನಗೆ ಮೊದಲು ಸಿಕ್ಕಿದ್ದು ಅವರ ಪೆಟ್ಟಿಗೆ ಹೊರುವ ಕೆಲಸ.

ಆ ಬ್ಯಾಂಡಿನಲ್ಲಿ ಎಜ್ರಾ ಎಂಬ ಮುದುಕರು ಇದ್ದಾರೆ. ಅಮೆರಿಕದವರು, ನಮಗಿಂತ ಕಪ್ಪು. ಬ್ಯಾಂಡಿನ ಕುಣಿತದ ಹಾಡುಗಳನ್ನು ಸಂಬಳಕ್ಕೆ ಬಾರಿಸುತ್ತಾರೆ. ಕೆಲಸ ಮುಗಿದ ಮೇಲೆ ಅಡುಗೆಮನೆಯ ಹಿಂದೆ ಕೂತು ಬೇರೆಯದನ್ನೇ ಬಾರಿಸುತ್ತಾರೆ. ಅದಕ್ಕೆ ಬ್ಲೂಸ್ ಅನ್ನುತ್ತಾರೆ. ಒಡೆದ ಬಾಟಲಿಯ ಕುತ್ತಿಗೆಯನ್ನು ನಯಮಾಡಿ ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತಾರೆ. ಮನುಷ್ಯರು ಅತ್ತ ಹಾಗೇ ಕೇಳುತ್ತದೆ. ಆದರೆ ಅಳುತ್ತಾ ಕೂತವರ ಹಾಡಲ್ಲ ಅದು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು ಕೆಲಸಕ್ಕೆ ಎದ್ದವರ ಹಾಡು.

ಅವರ ಅಜ್ಜ ಜೀತದಲ್ಲಿ ಸಾಹೇಬರ ಹೊಲದ ಹತ್ತಿ ಬಿಡಿಸುತ್ತಿದ್ದರಂತೆ. ನಾವು ಹತ್ತಿ ಹಿಂಜುವವರು ಎಂದು ನಾನು ಹೇಳಿದೆ. ಮುದುಕರು ನನ್ನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ನಾವು ಬಿಡಿಸಿದ್ದನ್ನು ನೀವು ಹಿಂಜಿದಿರಿ, ನೀನು ನಮ್ಮವನೇ" ಎಂದರು. ಮಾರನೆಯ ದಿನದಿಂದ ಕಲಿಸುತ್ತಿದ್ದಾರೆ. ಅಂಥ ಗುರುವನ್ನು ನಾನು ಕಂಡಿಲ್ಲ. ತಪ್ಪು ಮಾಡಿದರೆ ಬೈಯುವುದಿಲ್ಲ, ಅದೇ ತಪ್ಪನ್ನು ತಾವೂ ಬಾರಿಸಿ ಅದು ಚಂದ ಕೇಳುವ ಹಾಗೆ ಮಾಡಿಬಿಡುತ್ತಾರೆ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳು.

ರಸೂಲ್


ಚನ್ನಗಿರಿ
೫ ಅಕ್ಟೋಬರ್ ೧೯೩೭

ರಸೂಲ್,

ನಿನ್ನ ಎಜ್ರಾ ಮುದುಕರಿಗೆ ನನ್ನ ಸಲಾಂ ಹೇಳು. ನಿನಗೆ ಬೈಯದೆ ಕಲಿಸುವವರೂ ಈ ದುನಿಯಾದಲ್ಲಿ ಇದ್ದಾರೆ ಎಂದರೆ ಅವರು ದೊಡ್ಡವರೇ ಇರಬೇಕು. ಬಾಟಲಿಯ ವಿಷಯ ಕೇಳಿ ನಿಮ್ಮ ಭಾವ, "ಕುತ್ತಿಗೆ ಅವನ್ ಕೈಗೆ, ಉಳಿದಿದ್ದು ಯಾರ ಹೊಟ್ಟೆಗೆ ಹೋಯ್ತು ಕೇಳು" ಎಂದರು. ಉತ್ತರ ಬರೆ.

ಜಗಳೂರಿನಲ್ಲಿ ಕಾಗದ ಓದಿದೆ. ಅಪ್ಪ ಬಹಳ ಖುಷಿಪಟ್ಟರು. "ಬಾರ್ಸಲಿ ಬಿಡು" ಎಂದರು. ಇನ್ನೇನು ಬೇಕು ನಿನಗೆ? ಈ ಸಲ ಜಗಳೂರಿನ ಕಡೆ ಹತ್ತಿ ಚೆನ್ನಾಗಿ ಬಂದಿದೆ. ನಮ್ಮ ಮನೆಯ ನಾಯಿಮರಿಗೆ ಕಾಲು ಉಳುಕಿದೆ. ಮತ್ತೆಲ್ಲ ಕ್ಷೇಮ.

ಸೈದಾಬೀ


ಮುಂಬಯಿ
೨೧ ಜನವರಿ ೧೯೩೯

ಅಕ್ಕಾ,

ಗ್ರಾಮಫೋನಿನ ಪ್ಲೇಟು ಬಂತು! ಎರಡೂ ಮುಖಕ್ಕೆ ನಾನೊಬ್ಬನೇ ಬಾರಿಸಿದ್ದು. ಎಜ್ರಾ ಮುದುಕರು ತಮಗೆ ಬಂದ ಅವಕಾಶವನ್ನು ನನಗೆ ಬಿಟ್ಟುಕೊಟ್ಟರು. "ನನ್ನ ಬ್ಲೂಸನ್ನು ನನ್ನ ಊರಲ್ಲಿ ಸಾವಿರ ಜನ ಬಾರಿಸುತ್ತಾರೆ, ನಿನ್ನದನ್ನು ನೀನೊಬ್ಬನೇ" ಎಂದರು. ಹಾಗಂದರೆ ಏನೆಂದು ಈಗೀಗ ತಿಳಿಯುತ್ತಿದೆ. ನಾನು ಅವರ ಹಾಗೆ ಬಾರಿಸಲು ಹೋದರೂ ಕೈ ಮಾತ್ರ ಅಪ್ಪನ ಬಿಲ್ಲಿನ ಲೆಕ್ಕದಲ್ಲೇ ಬೀಳುತ್ತದೆ.

ಇದರ ಜೊತೆ ಎರಡು ಪಾರ್ಸೆಲ್ ಕಳಿಸಿದ್ದೇನೆ. ಪ್ಲೇಟು ನಿನಗೆ. ಚಿಕ್ಕ ಪೊಟ್ಟಣ ಅಪ್ಪನಿಗೆ. ಪ್ಲೇಟಿಗೆ ಬಾರಿಸಿದ ದಿನ ಗಿಟಾರಿಗೆ ಹಾಕಿದ್ದ ತಂತಿ ಅದು. ಬಿಚ್ಚಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅಪ್ಪ ಖುಷಿಯಾಗಿದ್ದಾರೆ ಎಂದು ನೀನು ಬರೆದ ಮೇಲೆ ಏನಾದರೂ ಕಳಿಸಬೇಕೆಂದು ಜೀವ ಹಾತೊರೆಯುತ್ತಿತ್ತು. ಇದಕ್ಕಿಂತ ಬೆಲೆಯುಳ್ಳದ್ದು ನನ್ನ ಹತ್ತಿರ ಇಲ್ಲ. ನೀನೇ ಕೈಯಾರೆ ಕೊಡು.

ರಸೂಲ್


ಚನ್ನಗಿರಿ
೯ ಮಾರ್ಚ್ ೧೯೩೯

ರಸೂಲ್,

ಏನು ಮಾಡಿದೆಯೋ! ಬುದ್ಧಿಯನ್ನು ಯಾವ ಸಮುದ್ರದಲ್ಲಿ ಬಿಟ್ಟೆ?

ನಮ್ಮ ಪಿಂಜಾರರ ಮನೆಯಲ್ಲಿ ಮಗ ತಂದೆಗೆ ತಂತಿ ಬಿಚ್ಚಿ ಕೊಡುವುದು ಯಾವಾಗ? ಬೇರೆಯಾಗುವಾಗ. ಇನ್ನು ನನ್ನ ಬಿಲ್ಲು ನನಗೆ, ನಿನ್ನ ಬಿಲ್ಲು ನಿನಗೆ, ನನ್ನ ಒಲೆಗೂ ನಿನ್ನ ಒಲೆಗೂ ಸಂಬಂಧವಿಲ್ಲ ಎಂದು ಹೇಳುವಾಗ. ನಮ್ಮ ಚಿಕ್ಕಪ್ಪ ಬೇರೆಯಾದ ದಿನ ಅಜ್ಜನ ಅಂಗೈ ಮೇಲೆ ತಂತಿ ಇಟ್ಟದ್ದನ್ನು ನೀನೂ ನಾನೂ ಬಾಗಿಲ ಹಿಂದೆ ನಿಂತು ನೋಡಿರಲಿಲ್ಲವೇ? ಪೊಟ್ಟಣದಲ್ಲಿ ಏನಿದೆ ಎಂದು ನಿನ್ನ ಕಾಗದದಲ್ಲಿ ಓದಿದರೂ ನನ್ನ ಮಂಕು ತಲೆಗೂ ಹೊಳೆಯಲಿಲ್ಲ. ಹಿಗ್ಗಿನಲ್ಲಿ ತೆಗೆದುಕೊಂಡು ಹೋಗಿ ಕೊಟ್ಟುಬಿಟ್ಟೆ.

ಅಪ್ಪ ರೇಷ್ಮೆ ಬಿಚ್ಚಿದರು. ನೋಡಿದರು. "ಬೇರೆ ಆದ್ನಾ? ಆಗ್ಲಿ. ಹೇಳಿ ಕಳ್ಸಿದ್ನಲ್ಲ, ಅಷ್ಟು ಮರ್ಯಾದೆ ಉಳಿಸ್ಕಂಡ" ಎಂದು ಎದ್ದು ಹೋದರು. ನಾನು ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. "ಪಿಂಜಾರ್ ಹುಡುಗ ಅವ್ನು. ತಂತಿ ಕಳ್ಸಿದ್ರೆ ಏನರ್ಥ ಅಂತ ಗೊತ್ತಿರಲ್ವಾ?" ಎಂದರು.

ಇನ್ನೊಂದು. ನಿಮ್ಮ ಭಾವ ಕೆಲಸ ಮಾಡುವ ಮಂಡಿಯ ತಿಪ್ಪೇಶಪ್ಪನವರಿಗೆ ನಿನ್ನ ಪ್ಲೇಟು ಕೊಟ್ಟೆವು, ಅವರ ಮನೆಯಲ್ಲೇ ಗ್ರಾಮಫೋನಿರುವುದು. ಅವರು ಅದರ ಮೇಲಿನ ಇಂಗ್ಲಿಷ್ ಓದಿ, "ರಸೆಲ್ ಅಂತ ಐತೆ. ಇದ್ಯಾರೋ ಸಾಹೇಬ್ರದು ಕಣವ್ವ" ಎಂದರು. ನಿನ್ನ ಹೆಸರು ಎಲ್ಲಿ ಹೋಯಿತು?

ಸೈದಾಬೀ


ಮುಂಬಯಿ
೨ ಏಪ್ರಿಲ್ ೧೯೩೯

ಅಕ್ಕಾ,

ಹೆಸರು ಪ್ಲೇಟಿನವರು ಬದಲಿಸಿದರು. ಪಿಂಜಾರ ಬಾರಿಸಿದ ಗಿಟಾರು ಎಂದರೆ ಯಾರೂ ಕೊಳ್ಳುವುದಿಲ್ಲವಂತೆ. ನಿನಗೆ ಬರೆಯಲು ನಾಚಿಕೆಯಾಗಿತ್ತು.

ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಖುಷಿಪಟ್ಟವರು ತಂತಿ ನೋಡಿ ಹಾಗೆ ಎದ್ದು ಹೋಗುತ್ತಾರೆಯೇ? ನಿಜ ಬರೆ. ನಾನು ಮನೆ ಬಿಟ್ಟ ಮೇಲೆ ಅಪ್ಪ ಒಮ್ಮೆಯಾದರೂ ನನ್ನ ಸುದ್ದಿ ಕೇಳಿದ್ದರಾ?

ರಸೂಲ್


ಚನ್ನಗಿರಿ
೧೧ ಏಪ್ರಿಲ್ ೧೯೩೯

ರಸೂಲ್,

ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಸೈದಾಬೀ


ಮುಂಬಯಿ
೧೫ ಫೆಬ್ರವರಿ ೧೯೪೨

ಅಕ್ಕಾ,

ಇಷ್ಟು ವರ್ಷ ಸುಮ್ಮನಿದ್ದೆ. ನಿನ್ನ ಮೇಲೆ ಕೋಪವಿತ್ತು, ಆಮೇಲೆ ಕೋಪ ಹೋಯಿತು, ಆಮೇಲೆ ಹೇಗೆ ಶುರುಮಾಡಬೇಕೆಂದು ತಿಳಿಯದಾಯಿತು. ನೀನು ಸುಳ್ಳು ಬರೆಯದಿದ್ದರೆ ನಾನು ಆ ಮೊದಲ ವರ್ಷಗಳಲ್ಲಿ ಕಲಿಯುತ್ತಲೂ ಇರಲಿಲ್ಲ, ಅಳುತ್ತಾ ವಾಪಸು ಬರುತ್ತಿದ್ದೆ.

ಎಜ್ರಾ ಮುದುಕರು ಯುದ್ಧ ಶುರುವಾದಾಗ ತಮ್ಮ ದೇಶಕ್ಕೆ ಹೋದರು. ಹೋಗುವಾಗ ಬ್ಯಾಂಡಿನಲ್ಲಿ ತಮ್ಮ ಕುರ್ಚಿಯ ಮೇಲೆ ನನ್ನನ್ನು ಕೂರಿಸಿ ಹೋದರು. ಈಗ ನನ್ನ ಪ್ಲೇಟುಗಳು ಕೊಲಂಬೊ ತನಕ ಹೋಗುತ್ತವೆ. ರೇಡಿಯೊದಲ್ಲಿ ಬಾರಿಸಿದೆ. ಇಂಗ್ಲಿಷ್ ಪೇಪರಿನವನೊಬ್ಬ, ಈ ರಸೆಲ್‌ನ ಗಿಟಾರು ಕೇಳಿದ ಮೇಲೆ ಮನೆಗೆ ಹೋಗಲು ಮನಸ್ಸಾಗುವುದಿಲ್ಲ ಎಂದು ಬರೆದ. ಓದಿ ನಗು ಬಂತು. ನನಗೆ ಬಾರಿಸುವಾಗಲೆಲ್ಲ ಮನೆಗೆ ಹೋಗುವ ಮನಸ್ಸೇ ಆಗುವುದು.

ನಾವು ಮಾಂಡವಿಯಲ್ಲಿ ಮನೆ ಮಾಡಿದ್ದೇವೆ. ಕಿಟಕಿಯಿಂದ ಹಡಗುಗಳು ಕಾಣುತ್ತವೆ. ಆದರೂ ಕಾಗದವನ್ನು ಹೋಟೆಲಿನ ವಿಳಾಸಕ್ಕೇ ಹಾಕು.

ರಸೂಲ್


ಚನ್ನಗಿರಿ
೧ ಮಾರ್ಚ್ ೧೯೪೨

ರಸೂಲ್,

ಕಾಗದ ಕೈಗೆ ಬಂದಾಗ ಮೊದಲು ಅತ್ತೆ. ಆಮೇಲೆ ಓದಿದೆ. ಓದುತ್ತಾ "ನಾವು" ಎಂಬಲ್ಲಿಗೆ ಬಂದು ನಿಂತೆ. ನಾವು ಅಂದರೆ ಯಾರಪ್ಪಾ? ನೀನೂ ಗಿಟಾರೂ? ಗಿಟಾರಿಗೆ ಕಿಟಕಿಯಿಂದ ಹಡಗು ಕಾಣುತ್ತದಾ?

ನಿನ್ನ ಪ್ಲೇಟನ್ನು ತಿಪ್ಪೇಶಪ್ಪನವರು ಮಂಡಿಗೇ ತಂದಿಟ್ಟು ಹಾಕುತ್ತಾರೆ. ಅಡಿಕೆ ತಂದ ರೈತರು ತೂಕ ಮರೆತು ಕೇಳುತ್ತಾ ನಿಲ್ಲುತ್ತಾರೆ. ನಾನು ಬುರ್ಖಾದೊಳಗೇ ಹೆಮ್ಮೆಯಿಂದ ಬೀಗಿ, ಅದು ನನ್ನ ತಮ್ಮ ಎಂದು ನೆರೆಮನೆಯ ಅಂಜಿನಮ್ಮನಿಗೆ ಹೇಳಿದೆ. "ಅಯ್ಯೋ ಸೈದಾಬೀ, ನಿನ್ ತಮ್ಮ ಸಾಹೇಬ ಯಾವಾಗ ಆದ್ನೇ? ಸುಳ್ಳು ಹೇಳಿದ್ರೂ ನೆಲ ಮುಟ್ಟಂಗೆ ಹೇಳವ್ವ" ಎಂದು ನಕ್ಕಳು. ನಗಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನು ಹೆತ್ತಿಲ್ಲ, ಎತ್ತಿ ಆಡಿಸಿದ್ದೇನೆ. ನನ್ನ ಹೆಗ್ಗಣದಷ್ಟು ಚೆನ್ನಾಗಿ ಬಾರಿಸುವವರು ಈ ಮುಲ್ಕಿನಲ್ಲಿ ಇಲ್ಲ.

ಅಪ್ಪ ಹಾಗೇ ಇದ್ದಾರೆ. ಇನ್ನು ಸುಳ್ಳು ಬರೆಯುವುದಿಲ್ಲ. ನಿನ್ನ ಹೆಸರೆತ್ತಿದರೆ ಬಿಲ್ಲು ಬಡಿಯುವುದನ್ನು ಜೋರು ಮಾಡುತ್ತಾರೆ.

ಸೈದಾಬೀ


ಮುಂಬಯಿ
೩೦ ಅಕ್ಟೋಬರ್ ೧೯೪೩

ಅಕ್ಕಾ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಅವಳ ಹೆಸರು ಜಹೀದಾ. ದರ್ಜಿಯವರ ಮಗಳು, ತಾಯಿಯ ಕಡೆಯವರು ಹುಬ್ಬಳ್ಳಿಯವರು, ಕನ್ನಡ ಬರುತ್ತದೆ. ನಿನ್ನ ಕಾಗದಗಳನ್ನು ನನಗಿಂತ ಹೆಚ್ಚು ಸಲ ಓದಿಸಿಕೊಂಡು ಕೇಳಿದವಳು ಅವಳೇ. ನಿಕಾಹ್ ಆಗಿ ಎರಡು ವರ್ಷದ ಮೇಲಾಯಿತು.

ಏಕೆ ಹೇಳಲಿಲ್ಲ ಎಂದರೆ, ನಮ್ಮಲ್ಲಿ ಮಗನ ಮದುವೆಯ ಗಾದಿಗೆ ಅರಳೆಯನ್ನು ತಂದೆಯೇ ಹಿಂಜಬೇಕಲ್ಲ. ಬೇರೆಯವರ ಕೈ ತಾಗಬಾರದು. ಆ ಗಾದಿ ಇಲ್ಲದ ಮದುವೆ ಮದುವೆಯೇ ಅಲ್ಲ ಎಂದು ಕೇಳಿಕೊಂಡೇ ಬೆಳೆದವನು ನಾನು. ಬಜಾರಿನಿಂದ ಗಾದಿ ಕೊಂಡು ತಂದು ಹಾಸಿದೆ. ಅದನ್ನು ಯಾವ ಬಾಯಲ್ಲಿ ನಿನಗೆ ಬರೆಯಲಿ?

ಈಗ ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗಳಿಗೆ ಹೋಗಿ ಬಾರಿಸುತ್ತೇನೆ. ಹೋದ ತಿಂಗಳು ಎಜ್ರಾ ಮುದುಕರ ದೇಶದ ಕಪ್ಪು ಸಿಪಾಯಿಗಳು ಇದ್ದರು. ನಾನು ಬಾರಿಸಿ ಮುಗಿಸಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹಾಸಿಗೆಯಿಂದ ಎದ್ದು, "ನೀನು ನಮ್ಮ ಕಡೆ ಯಾವ ಊರಿನವನು?" ಎಂದು ಕೇಳಿದ. ಜಗಳೂರು ಎಂದೆ. ಅವನು ತಲೆಯಾಡಿಸಿ, "ಆ ಕಡೆಯವರು ಹೀಗೇ ಬಾರಿಸುತ್ತಾರೆ" ಎಂದ. ಅಕ್ಕಾ, ಪೇಪರಿನವರು ಹೊಗಳಿದ್ದೆಲ್ಲ ಒಂದು ಕಡೆ, ಇದು ಒಂದು ಕಡೆ.

ರಸೂಲ್


ಚನ್ನಗಿರಿ
೨೨ ಏಪ್ರಿಲ್ ೧೯೪೪

ರಸೂಲ್,

ಮುಂಬಯಿ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಊರೇ ಹತ್ತಿ ಉರಿಯಿತು ಎಂದು ಪೇಪರಿನಲ್ಲಿ ಬಂದಿದೆಯಂತೆ. ಮಾಂಡವಿಯ ಹೆಸರೂ ಇದೆಯಂತೆ. ನಿನ್ನ ಕಿಟಕಿಯಿಂದ ಹಡಗು ಕಾಣುತ್ತವೆ ಎಂದು ಬರೆದಿದ್ದೆಯಲ್ಲ, ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಒಂದು ಸಾಲು ಬರೆ. ಜಹೀದಾ ಬರೆಸಲಿ. ಯಾರಾದರೂ ಬರೆಯಲಿ.

ನಿನ್ನೆ ಅಪ್ಪ ಬಂದರು. ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ, ದಾವಣಗೆರೆಯಿಂದ ತ್ಯಾವಣಿಗೆ ತನಕ ನಿಂತುಕೊಂಡೇ ಬಂದರಂತೆ. ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ. ಬಾಗಿಲಲ್ಲೇ ನಿಂತು, "ಕಾಗದ ಬಂತೇನವ್ವಾ?" ಎಂದರು.

"ಯಾರ ಕಾಗದ ಅಪ್ಪಾ?" ಎಂದೆ. ಬೇಕೆಂದೇ ಕೇಳಿದೆ.

"ರಸೂಲಂದು" ಎಂದರು. ಹೇಳಿದವರೇ ಗೋಡೆ ಹಿಡಿದು ಕೂತುಬಿಟ್ಟರು.

ಬದುಕಿದ್ದರೆ ಬರೆ. ಬದುಕಿರಲೇಬೇಕು ನೀನು.

ಅಕ್ಕ


ಮುಂಬಯಿ
೯ ಮೇ ೧೯೪೪

ಅಕ್ಕಾ,

ಬದುಕಿದ್ದೇವೆ, ಇಬ್ಬರೂ. ಮಾರನೆಯ ದಿನವೇ ಒಂದು ಕಾಗದ ಹಾಕಿದ್ದೆ, ಅದು ನಿನಗೆ ಮುಟ್ಟಲಿಲ್ಲ ಎಂಬುದು ನಿನ್ನ ಕಾಗದ ಹೋಟೆಲಿಗೆ ಬಂದಾಗ ತಿಳಿಯಿತು. ಹಡಗು ಸಿಡಿದ ಹೊತ್ತು ನಾನು ಊರ ಹೊರಗಿನ ಆಸ್ಪತ್ರೆಯಲ್ಲಿ ಬಾರಿಸುತ್ತಿದ್ದೆ, ಜಹೀದಾ ತಾಯಿಯ ಮನೆಗೆ ಹೋಗಿದ್ದಳು. ಬಂದು ನೋಡಿದರೆ ನಮ್ಮ ಬೀದಿ ಇರಲಿಲ್ಲ. ಬಟ್ಟೆ, ಪಾತ್ರೆ, ಮಂಚ, ಗಾದಿ, ಎಲ್ಲ ಬೂದಿ. ಪಕ್ಕದ ಮನೆಯ ಮುದುಕಿ ಉಳಿಯಲಿಲ್ಲ. ಅವರಿಗೆ ನನ್ನ ಬಾಜಾ ಎಂದರೆ ಆಗುತ್ತಿರಲಿಲ್ಲ, ಗೋಡೆ ಬಡಿಯುತ್ತಿದ್ದರು. ಆ ಬಡಿತ ಈಗ ಬೇಕೆನಿಸುತ್ತಿದೆ.

ಜೊತೆಗೆ ಒಯ್ದಿದ್ದ ಗಿಟಾರೊಂದು ಉಳಿಯಿತು. ಮಾವನ ಮನೆಯ ನೆಲದ ಮೇಲೆ ಮಲಗುತ್ತಿದ್ದೇವೆ.

ಅಪ್ಪ ನನ್ನ ಹೆಸರು ಹೇಳಿದ್ದು ನಿಜವೇ? ಅಕ್ಕಾ, ಸುಳ್ಳಾದರೂ ಪರವಾಗಿಲ್ಲ, ನಿಜ ಎಂದೇ ಬರೆ.

ರಸೂಲ್


ಚನ್ನಗಿರಿ
೨೮ ಮೇ ೧೯೪೪

ರಸೂಲ್,

ನಿಜ. ಇನ್ನೂ ನಿಜ ಬೇಕಾದರೆ ಮುಂದೆ ಓದು.

ನಿನ್ನ ಕಾಗದ ಬಂದಾಗ ಅಪ್ಪ ಮನೆಯಲ್ಲಿ ಇರಲಿಲ್ಲ. ಅವರು ನಮ್ಮಲ್ಲೇ ಉಳಿದಿದ್ದರು, ಬಂದ ದಿನದಿಂದ ಟಪಾಲು ಬರುವ ಹೊತ್ತಿಗೆ ಹೋಗಿ ತಿಪ್ಪೇಶಪ್ಪನವರ ಮಂಡಿಯ ಕಟ್ಟೆಯ ಮೇಲೆ ಕೂರುವುದೇ ಅವರ ಕೆಲಸವಾಗಿತ್ತು. ನಾನು ಕಾಗದ ಹಿಡಿದು ಅಲ್ಲಿಗೇ ಓಡಿದೆ. ನೋಡಿದರೆ ಗ್ರಾಮಫೋನು ಹಾಡುತ್ತಿದೆ, ಅಪ್ಪ ಕಣ್ಣು ಮುಚ್ಚಿ ಕೂತಿದ್ದಾರೆ.

ತಿಪ್ಪೇಶಪ್ಪನವರು, "ಏನ್ ಇಮಾಮ್‌ಸಾಬ್ರೇ, ನಿದ್ದೆ ಹತ್ತಿತಾ? ಇದು ರಸೆಲ್ ಸಾಹೇಬ್ರ ಪ್ಲೇಟು ಕಣ್ರೀ. ಬಾಂಬೇದು" ಎಂದರು.

ಅಪ್ಪ ಕಣ್ಣು ಬಿಡಲಿಲ್ಲ. "ಯಾವ್ ಸಾಹೇಬ್ರೂ ಅಲ್ಲ ಬಿಡ್ರಿ. ಹಸಿ ಅರಳೆ ಬಂದಾಗ ಇವ್ನು ಹಿಂಗೇ ಬಡೀತಿದ್ದ. ಒಂದು ಜೋರು ಹಾಕಿ, ತಡೆದು, ಆಮೇಲೆ ಎರಡು ಮೆತ್ತಗೆ. ಹಂಗ್ ಬಡೀಬ್ಯಾಡ ಅಂತ ಎಷ್ಟು ಬೈದೆ. ಬಿಡ್ಲಿಲ್ಲ, ಬಡ್ಡಿಮಗ" ಎಂದರು. ಆಮೇಲೆ ಅಲ್ಲಿದ್ದ ರೈತರು, ಹಮಾಲರು ಎಲ್ಲರನ್ನೂ ನೋಡಿ, "ನನ್ನ ಮಗ ಇವ್ನು. ಇನ್ನೊಂದ್ಸಲ ಹಾಕ್ರಿ, ಎಷ್ಟು ಚಂದ ಹಿಂಜ್ತಾನೆ" ಎಂದರು. ಬಾರಿಸುತ್ತಾನೆ ಅನ್ನಲಿಲ್ಲ. ಹಿಂಜುತ್ತಾನೆ ಅಂದರು. ನಿಮ್ಮ ಭಾವ ದಬ್ಬಣವನ್ನು ಬೆರಳಿಗೇ ಚುಚ್ಚಿಕೊಂಡರು.

ನಾನು ಅಲ್ಲೇ ನಿಂತು ನಿನ್ನ ಕಾಗದ ಓದಿ ಹೇಳಿದೆ. ಜಹೀದಾಳ ವಿಷಯವನ್ನೂ ಹೇಳಿಬಿಟ್ಟೆ. ಬಜಾರಿನ ಗಾದಿ ಎಂದು ನೀನು ಮದುವೆಯನ್ನು ಏಕೆ ಮುಚ್ಚಿಟ್ಟೆ ಎಂಬುದನ್ನೂ. ಅಪ್ಪ ಎದ್ದು ಬಸ್ಸು ಹತ್ತಿ ಜಗಳೂರಿಗೆ ಹೋದರು. ಮತ್ತೆ ಮುನಿದರು ಎಂದುಕೊಂಡೆ. ಮೊನ್ನೆ ವಾಪಸು ಬಂದರು. ಹೆಗಲ ಮೇಲೆ ಬಿಲ್ಲು, ತಲೆಯ ಮೇಲೆ ಹತ್ತಿಯ ಮೂಟೆ. ಈಗ ನನ್ನ ಅಂಗಳದಲ್ಲಿ ಹಿಂಜುತ್ತಿದ್ದಾರೆ. ನನ್ನ ಕಣ್ಣು, ಮೂಗು, ಸಾರಿನ ಗಡಿಗೆ ಎಲ್ಲದರಲ್ಲೂ ಅರಳೆ. ನಾನು ಕೈಜೋಡಿಸಲು ಹೋದರೆ, "ನೀ ಮುಟ್ಟಬ್ಯಾಡ" ಎಂದು ಗದರಿದರು.

ಈಗಷ್ಟೇ ಕೂಗಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅವ್ರು ಮಾಡ್ಸೋ ಹೊಸ ಮಂಚ ಎಷ್ಟು ಅಗಲ, ಎಷ್ಟು ಉದ್ದ ಐತೆ ಕೇಳು. ಸೊಸೆ ಕುಳ್ಳಿಯೋ ಎತ್ತರವೋ ಅದನ್ನೂ ಕೇಳು. ಗಾದಿ ಸಾಲದೇ ಬಂದ್ರೆ ಜನ ನನ್ನ ಬೈತಾರೆ, ಅವನ್ನಲ್ಲ."

ಬೇಗ ಅಳತೆ ಕಳಿಸು.

ಸೈದಾಬೀ


ಮುಂಬಯಿ
೧೦ ಜೂನ್ ೧೯೪೪

ಅಕ್ಕಾ,

ನಿನ್ನ ಕಾಗದವನ್ನು ಜಹೀದಾಗೆ ಅರ್ಧ ಓದಿದೆ. ಉಳಿದದ್ದನ್ನು ಓದಲು ಆಗಲಿಲ್ಲ. ಇಬ್ಬರೂ ಕೂತು ಅತ್ತೆವು.

ಸೊಸೆ ಅಷ್ಟೇನು ಎತ್ತರವಿಲ್ಲ ಎಂದು ಹೇಳು. ಗಾದಿಯನ್ನು ಪಾರ್ಸೆಲ್ ಮಾಡಬೇಡಿ, ನಾವಿಬ್ಬರೂ ಚನ್ನಗಿರಿಗೆ ಬಂದು ಹೊತ್ತು ತರುತ್ತೇವೆ.

ಅಳತೆ ಕೇಳಿದ್ದಾರೆ ಅಪ್ಪ. ನಮ್ಮ ಮಂಚ ಸುಟ್ಟು ಹೋಗಿದೆಯಲ್ಲ. ಹೊಸದಕ್ಕೆ ಬಡಗಿಗೆ ಹೇಳಿದ್ದೆ, ನಿನ್ನೆ ಹೋಗಿ ನಿಲ್ಲಿಸು ಎಂದು ಬಂದೆ. ಅಪ್ಪನಿಗೆ ಹೇಳು, ಅವರ ಕೈಗೆ ಬಂದಷ್ಟು ಅಗಲ, ಅವರ ಮನಸ್ಸಿಗೆ ಬಂದಷ್ಟು ಉದ್ದ ಹೊಲಿಯಲಿ. ಗಾದಿಯ ಅಳತೆಗೆ ನಾನು ಮಂಚ ಮಾಡಿಸುತ್ತೇನೆ.

ರಸೂಲ್